ಹಳಿಯಾಳ ಬಸ್ಸಿನ ಬಂಗಾರ

ಕಂಡಕ್ಟರ್ ಫ್ಲೇವಿಯಾಳ ಬಾಯಿಂದ ಬಂದ ಮೂರೇ ಅಕ್ಷರದ ಒಂದು ಮಾತು ಶಿವಲಿಂಗ ಹಂಚಿನಮನಿಯ ಗುರುವಾರವನ್ನು ಹಾಳುಮಾಡಿತು. ಅದು ಬೈಗುಳವಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಬೈದವರಿಗೆ ತಿರುಗಿ ಬೈಯುವ ವಿದ್ಯೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವಳು ಅಂದದ್ದು "ಬಂಗಾರ" ಎಂದು. ಅದಕ್ಕೆ ತಿರುಗಿ ಏನನ್ನುವುದು?

ಶಿವಲಿಂಗ ದಾಂಡೇಲಿಯ ಕಾಗದದ ಮಿಲ್ಲಿನ ಗೇಟಿನಲ್ಲಿ ಲಾರಿ ತೂಗುವ ಕಾಟಾದ ಕ್ಲಾರ್ಕ. ನೀಲಗಿರಿ ಕಟ್ಟಿಗೆ ಹೇರಿಕೊಂಡು ಬರುವ ಲಾರಿಗಳನ್ನು ಕಾಟಾದ ಮೇಲೆ ಹತ್ತಿಸುವುದು, ತೂಕ ಬರೆದುಕೊಳ್ಳುವುದು, ಇಳಿಸಿ ಕಳಿಸುವುದು. ಇಪ್ಪತ್ತೊಂದು ವರ್ಷ ಇದನ್ನೇ ಮಾಡಿ ಅವನ ಮುಖಕ್ಕೂ ಏಳೆಂಟು ಟನ್ ಭಾರ ಬಂದಿತ್ತು. ಮದುವೆಮನೆಯಲ್ಲಿ ಫೋಟೋಕ್ಕೆ ನಿಂತರೆ ಫೋಟೋದವನು "ಸ್ವಲ್ಪ ನಗ್ರಿ ಸರ್" ಎಂದು ಎರಡು ಸಲ ಹೇಳಿ ನೋಡಿ, ಮೂರನೆಯ ಸಲ ಅವನನ್ನು ಹಿಂದಿನ ಸಾಲಿಗೆ ಕಳಿಸಿಬಿಡುತ್ತಿದ್ದ.

ಗುರುತಿಲ್ಲದವರು ಸವಿಮಾತಾಡಿದರೆ ಅವನಿಗೆ ಮೈಯೆಲ್ಲ ತುರಿಸುತ್ತಿತ್ತು. ಹಣ್ಣಿನ ಗಾಡಿಯವನು "ಬಾ ರಾಜಾ" ಅಂದರೆ ಇವನು ಬಾಳೆಹಣ್ಣು ಮುಟ್ಟದೆ ಮುಂದೆ ಹೋಗುತ್ತಿದ್ದ. ಕಾಳಿ ನದಿಯಲ್ಲಿ ದೋಣಿ ತೇಲಿಸಲು ಬೆಂಗಳೂರು ಪುಣೆಯಿಂದ ಬಂದ ಪಡ್ಡೆ ಹುಡುಗರು "ಅಂಕಲ್, ಡಿಯರ್ ಅಂಕಲ್, ರಿಸಾರ್ಟಿಗೆ ಯಾವ ಕಡೆ?" ಎಂದು ಕೇಳಿದರೆ ಬೇಕೆಂದೇ ಅಂಬಿಕಾನಗರದ ದಾರಿ ತೋರಿಸಿ ಕಳಿಸುತ್ತಿದ್ದ. "ರಾಜಾ ಅಂದ ಅಂತ ಅಂವ ನನಗ ಸಿಂಹಾಸನ ಕೊಡ್ತಾನೇನು? ತೂಕದಾಗ ನೂರು ಗ್ರಾಂ ಹೊಡ್ಯಾಕ ರಾಜಾ ಅಂತಾನ," ಎಂಬುದು ಅವನ ಸಿದ್ಧಾಂತ. ಅವನ ಹೆಂಡತಿ ಸುವರ್ಣಾ ಇಪ್ಪತ್ತೆರಡು ವರ್ಷದಲ್ಲಿ ಅವನನ್ನು ಕರೆದದ್ದು "ಇಲ್ಲಿ ಕೇಳ್ರಿ" ಎಂದು. ಅವನ ತಾಯಿ, ಬದುಕಿರುವ ತನಕ, "ಲೇ ಶಿವ್ಯಾ" ಎಂದಳು. ಮನುಷ್ಯನನ್ನು ಕರೆಯಲು ಇದಕ್ಕಿಂತ ಹೆಚ್ಚು ಬೇಕಿಲ್ಲ ಎಂದು ಅವನು ನಂಬಿದ್ದ.

ಇಂಥವನಿಗೆ ಫ್ಲೇವಿಯಾ ಕಂಡಕ್ಟರ್ ಆಗಿರುವ ಬಸ್ಸೇ ಗಂಟುಬಿದ್ದಿತ್ತು. ಅವನ ಮನೆಯಿದ್ದ ಹಳಿಯಾಳದಿಂದ ಬೆಳಿಗ್ಗೆ ಎಂಟಕ್ಕೆ ಹೊರಟು ದಾಂಡೇಲಿ ಮುಟ್ಟುವ ಬಸ್ಸು ಅದು. ಫ್ಲೇವಿಯಾ ಹಳಿಯಾಳದ ಆಚೆ ಕಾಡಂಚಿನ ಹಳ್ಳಿಯೊಂದರ ಸಿದ್ದಿ ಹೆಣ್ಣುಮಗಳು. ಎತ್ತರದ ಆಳು, ಅದಕ್ಕೂ ಎತ್ತರದ ದನಿ. ಅವಳ ಬಸ್ಸಿನಲ್ಲಿ ಮನುಷ್ಯರೇ ಇರಲಿಲ್ಲ, ಇದ್ದದ್ದೆಲ್ಲ ಬಂಗಾರ. "ಬಂಗಾರ, ಒಳಗ ಸರಿ. ಬಂಗಾರ, ಆಧಾರ ಕಾರ್ಡು ತೋರಸು. ಏ ಬಂಗಾರ, ಕೋಳಿನ ಸೀಟಿನ ಮ್ಯಾಲ ಕುಂದ್ರಿಸಬ್ಯಾಡ, ಕೋಳಿಗೆ ಟಿಕೆಟ್ ಹರೀತೇನಿ ನೋಡು." ಮೊಸರಿನ ಗಡಿಗೆಯ ಸಕ್ಕುಬಾಯಿ ಮುದುಕಿಯೂ ಬಂಗಾರವೇ, ಕಾಲೇಜಿನ ಹುಡುಗರೂ ಬಂಗಾರವೇ, ಹೆಂಡದ ವಾಸನೆಯವನೂ ಇಳಿಯುವವರೆಗೆ ಬಂಗಾರವೇ. ಶಿವಲಿಂಗ ನಾಲ್ಕು ವರ್ಷದಿಂದ ಮೂರನೆಯ ಸೀಟಿನ ಕಿಟಕಿಗೆ ಮುಖ ಕೊಟ್ಟು, ಸರಿಯಾದ ಚಿಲ್ಲರೆಯನ್ನು ಕೈಮೇಲೆ ಇಟ್ಟುಕೊಂಡು, ಈ ಗದ್ದಲ ತನ್ನ ಮೈಗೆ ತಾಗದಂತೆ ಕೂತು ಬಂದಿದ್ದ.

ಆ ಗುರುವಾರ ಬೆಳಿಗ್ಗೆ ಉಪ್ಪಿಟ್ಟು ಮೆತ್ತಗಾಗಿದೆ ಎಂದು ಸುವರ್ಣಾಳ ಜೊತೆ ಜಗಳವಾಡಿ, ತಟ್ಟೆ ಸರಿಸಿ, ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿದ್ದ. ಬಸ್ಸು ಕಿಕ್ಕಿರಿದು ತುಂಬಿತ್ತು. ಆಲೂರು ದಾಟುತ್ತಿದ್ದಂತೆ ಫ್ಲೇವಿಯಾ ಜನರ ನಡುವೆ ನುಗ್ಗಿಕೊಂಡು ಅವನ ಸೀಟಿನ ಪಕ್ಕ ಬಂದು ನಿಂತಳು. ಕಂಬಕ್ಕೆ ಬೆನ್ನು ಕೊಟ್ಟು, ಟಿಕೆಟ್ ಮಶೀನು ಹಿಡಿದು, ತಲೆ ಬಗ್ಗಿಸಿ, ಹಾಲುಗೂಸಿನ ಹತ್ತಿರ ಮಾತಾಡುವ ದನಿಯಲ್ಲಿ ಅಂದಳು:

"ಯಾಕ ಬಂಗಾರ? ಯಾಕ ಮಾರಿ ಸಪ್ಪಗ ಮಾಡ್ಕೊಂಡು ಕುಂತಿ? ಮುಂಜಾನೆ ಹೊಟ್ಟಿಗೆ ಏನೂ ಹಾಕಿಲ್ಲೇನು ನಿನಗ?"

ಶಿವಲಿಂಗನ ಕಿವಿ ಕಾಯಿಸಿದ ಹಂಚಿನಂತಾಯಿತು. ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬಂಗಾರ! ಅದೂ ಏಕವಚನ! ಅದೂ ಹೊಟ್ಟೆಯ ವಿಚಾರ! ತನ್ನ ಮನೆಯ ಉಪ್ಪಿಟ್ಟಿನ ಸುದ್ದಿ ಈ ಹೆಂಗಸಿಗೆ ಹೇಗೆ ಗೊತ್ತಾಯಿತು? ನಲವತ್ತೊಂಬತ್ತು ವರ್ಷದ ಗಂಡಸಿನ ಮುಖ ಸಪ್ಪಗಿದೆಯೋ ಖಾರವಾಗಿದೆಯೋ ಎಂದು ನೋಡಲು ಸರಕಾರ ಇವಳಿಗೆ ಪಗಾರ ಕೊಡುತ್ತದೆಯೇ?

ಅವನು ಚಿಲ್ಲರೆ ಕೊಟ್ಟ, ಟಿಕೆಟ್ ತೆಗೆದುಕೊಂಡ, ಕಿಟಕಿಯ ಕಡೆ ಇನ್ನೂ ಜೋರಾಗಿ ತಿರುಗಿದ. ದಾಂಡೇಲಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದವನೇ ಮಿಲ್ಲಿನ ದಾರಿ ಬಿಟ್ಟು ಸೀದಾ ಕಂಟ್ರೋಲರ್ ಕ್ಯಾಬಿನ್ನಿಗೆ ನಡೆದ.

ಕಂಟ್ರೋಲರ್ ಲಗಮಪ್ಪ ಚಹಾದಲ್ಲಿ ಬಿಸ್ಕೀಟು ಅದ್ದುತ್ತಿದ್ದ. ನಿವೃತ್ತಿಗೆ ಏಳು ತಿಂಗಳು ಉಳಿದಿದ್ದ ಮನುಷ್ಯ. ಅಲ್ಲಿಯವರೆಗೆ ಯಾವ ಕಾಗದವೂ ತನ್ನ ಮೇಜಿಗೆ ಬರಬಾರದೆಂದು ಮನೆದೇವರಿಗೆ ಹರಕೆ ಹೊತ್ತಿದ್ದ.

"ತಕರಾರು ಕೊಡೂದೈತ್ರಿ," ಎಂದ ಶಿವಲಿಂಗ. "ಕಂಡಕ್ಟರ್ ನನಗ ಅನ್ನಬಾರದ ಮಾತು ಅಂದಾಳ."

ಬಿಸ್ಕೀಟು ಚಹಾದಲ್ಲಿ ಮುಳುಗಿತು. "ಏನಂದ್ಳು?"

ಶಿವಲಿಂಗ ಸುತ್ತ ನೋಡಿ ದನಿ ತಗ್ಗಿಸಿದ. "ಬಂಗಾರ."

"ಆಂ? ಜೋರಾಗಿ ಹೇಳ್ರಿ. ಈ ಕಿವಿ ಮಂದ ಐತಿ."

"ಬಂಗಾರ!"

ಕ್ಯಾಬಿನ್ನಿನ ಹೊರಗೆ ಬಸ್ಸಿಗೆ ಕಾಯುತ್ತಿದ್ದ ಹತ್ತು ಹನ್ನೆರಡು ಜನ ಒಮ್ಮೆಲೇ ತಿರುಗಿ ನೋಡಿದರು. ಚಹಾದ ಗ್ಲಾಸು ಒಯ್ಯಲು ಬಂದ ಅಂಗಡಿಯವನು ಬಾಗಿಲಲ್ಲೇ ನಿಂತ.

ಲಗಮಪ್ಪ ಚಮಚದಿಂದ ಬಿಸ್ಕೀಟಿನ ಹೆಣ ಎತ್ತುತ್ತ ಹೇಳಿದ: "ಹಂಚಿನಮನಿಯವರ, ಸಾವಧಾನ ಕೇಳ್ರಿ. ಬಂಗಾರ ಅನ್ನೂದು ಬೈಗಳ ಪಟ್ಟಿಯೊಳಗ ಇಲ್ಲ. ನಾ ಮೂವತ್ತು ವರ್ಷ ನೋಡೇನಿ. ಇನ್ನ, ಅಕಿ ಸಿದ್ದಿ ಹೆಣ್ಮಗಳು. ಜಾತಿಗೀತಿ ಏನರ ಮನಸಿನ್ಯಾಗ ಇಟ್ಕೊಂಡು ಬಂದಿದ್ರ ಈಗ ಹೊಳ್ಳಿ ಹೋಗ್ರಿ. ಕೇಸು ನಿಮ್ಮ ಮ್ಯಾಲ ಕುಂದರ್ತೈತಿ."

"ಅಯ್ಯೋ, ಅಂಥಾದ್ದೇನಿಲ್ರಿ!" ಶಿವಲಿಂಗ ಬೆವರಿದ. "ಯಾರ ಅಂದ್ರೂ ನಾ ತಕರಾರು ಮಾಡಾವ. ಬೇಕಾದ್ರ ನೀವು ಅಂದು ನೋಡ್ರಿ."

"ನಾ ಯಾಕ ನಿಮಗ ಬಂಗಾರ ಅನ್ನಲಿ?" ಲಗಮಪ್ಪನಿಗೆ ಸಿಟ್ಟು ಬಂತು. ಆದರೂ ಕಾಗದ ಕೊಟ್ಟ. ಶಿವಲಿಂಗ ಬರೆದ: 'ಕಂಡಕ್ಟರ್ ನನ್ನ ಬಂಗಾರದ ವಿಷಯವಾಗಿ ಅನುಚಿತವಾಗಿ ವರ್ತಿಸಿರುತ್ತಾರೆ.' ಬರೆಯುವ ಗಡಿಬಿಡಿಯಲ್ಲಿ ವಾಕ್ಯ ಹಾಗಾಯಿತು. ಓದಿದ ಲಗಮಪ್ಪ ನಿಟ್ಟುಸಿರುಬಿಟ್ಟು, ಸಂಜೆ ವಿಚಾರಣೆ ಮಾಡುತ್ತೇನೆಂದೂ ಅಲ್ಲಿಯತನಕ ಯಾರಿಗೂ ಹಾಗೆ ಅನ್ನಬೇಡ ಎಂದು ಅವಳಿಗೆ ಹೇಳುತ್ತೇನೆಂದೂ ಮಾತು ಕೊಟ್ಟ. ವಿಚಾರಣೆಯಲ್ಲಿ ತಪ್ಪು ಅಂತಾದರೆ ಅವಳನ್ನು ದೂರದ ಅನಮೋಡ ಘಾಟಿನ ರೂಟಿಗೆ ಹಾಕುತ್ತಾರೆ ಎಂದೂ ಹೇಳಿದ. ಶಿವಲಿಂಗ ಗೆದ್ದ ಮುಖ ಮಾಡಿಕೊಂಡು ಮಿಲ್ಲಿನ ಕಡೆ ಹೊರಟ. ಗೆದ್ದಾಗಲೂ ಆ ಮುಖದಲ್ಲಿ ಅಂಥ ಫರಕೇನೂ ಕಾಣುತ್ತಿರಲಿಲ್ಲ.

ಅವನು ಮಿಲ್ಲು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಚಹಾದಂಗಡಿಯವನು ಕಾಟಾದ ಸಹೋದ್ಯೋಗಿ ಸಲ್ಮಾನನ ಭಾವಮೈದುನ. ಸಲ್ಮಾನ ಗೇಟಿನಲ್ಲೇ ಎರಡೂ ಕೈ ಹಿಡಿದುಕೊಂಡ.

"ಶಿವಲಿಂಗಣ್ಣಾ, ಎಷ್ಟು ತೊಲಿ?"

"ಏನು ಎಷ್ಟು ತೊಲಿ?"

"ಬಂಗಾರ ಅಣ್ಣಾ, ಬಂಗಾರ! ಬಸ್ಸಿನಾಗ ಹೊಡದರಂತಲ್ಲ. ಮುಚ್ಚಿಡಬ್ಯಾಡ. ನಾವು ನಿನ್ನವರು."

"ಹೊಡದಿಲ್ಲೋ ಮಾರಾಯಾ, ಅಂದದ್ದು! ಬಂಗಾರ ಅಂತ ಅಂದಾಳ!"

"ಯಾರು?"

"ಕಂಡಕ್ಟರ್."

ಸಲ್ಮಾನ ಕೈ ಬಿಟ್ಟ. ಒಂದು ಗಳಿಗೆ ಮೇಲಿಂದ ಕೆಳಗೆ ನೋಡಿದ. ಆಮೇಲೆ ಗೇಟಿನ ಕಂಬ ಹಿಡಿದು ಕೂತು, ಹೊಟ್ಟೆ ಒತ್ತಿಕೊಂಡು ನಗಲು ಸುರುಮಾಡಿದ. "ನಿನಗ? ಈ ಮಾರೀಗೆ? ಅಲ್ಲಾ!"

ಹತ್ತು ಗಂಟೆಯ ಹೊತ್ತಿಗೆ ಮಿಲ್ಲಿನ ಅರ್ಧ ಜನಕ್ಕೆ ಬಂಗಾರ ಕಳವಾಗಿತ್ತು, ಉಳಿದರ್ಧ ಜನಕ್ಕೆ ಶಿವಲಿಂಗನೇ ಬಂಗಾರವಾಗಿದ್ದ. ಲಾರಿ ಡ್ರೈವರುಗಳು ಕಾಟಾದ ಮೇಲೆ ಗಾಡಿ ಹತ್ತಿಸಿ, ಕಿಟಕಿಯಿಂದ ತಲೆ ಹಾಕಿ, "ಬಂಗಾರ ಸಾಹೇಬ್ರ, ತೂಕ ಎಷ್ಟು ಬಂತ್ರಿ?" ಎಂದು ಕೇಳಿದರು. ಒಬ್ಬನಂತೂ "ಬಂಗಾರದ ಕೈಯಿಂದ ಕಟ್ಟಿಗಿ ತೂಗಸಾಕ ಪುಣ್ಯ ಮಾಡಿರಬೇಕು" ಎಂದು ಕೈಮುಗಿದ. ಶಿವಲಿಂಗ ಸಿಟ್ಟಿನಲ್ಲಿ ಒಂದು ಲಾರಿಯ ತೂಕವನ್ನು ಇನ್ನೊಂದರ ಚೀಟಿಯ ಮೇಲೆ ಬರೆದು, ಮೇಲಿನವರಿಂದ ಬೈಸಿಕೊಂಡು, ಮತ್ತೆ ತಿದ್ದಿದ.

ಮಧ್ಯಾಹ್ನ ಒಂದೂವರೆಗೆ, ಬುತ್ತಿ ತರದಿದ್ದ ಹೊಟ್ಟೆ ಗುರುಗುಡುತ್ತಿರುವಾಗ, ಮನೆಯಿಂದ ಫೋನು ಬಂತು.

"ಇಲ್ಲಿ ಕೇಳ್ರಿ," ಎಂದಳು ಸುವರ್ಣಾ. ದನಿ ಕಾದ ಎಣ್ಣೆಯಂತೆ ಸದ್ದಿಲ್ಲದೆ ಇತ್ತು. "ಬಾಜೂ ಮನಿ ನಿರ್ಮಲಾ ದಾಂಡೇಲಿಯಿಂದ ಬಂದ್ಳು. ಬಸ್ಸಿನಾಗ ನಿಮ್ಮ ಬಂಗಾರ ಹೋತಂತ ಊರೆಲ್ಲಾ ಅಂತಾರಂತ. ನಾ ಕಪಾಟು ತೆಗದು ನೋಡ್ದೆ. ನನ್ನ ಪಾಟ್ಲಿ ಅದಾವು. ಬೋರಮಾಳ ಐತಿ. ನಿಮ್ಮ ಉಂಗುರಾನೂ ಐತಿ."

"ಐತಲ್ಲ ಮತ್ತ! ಬಂಗಾರ ಹೋಗೇ ಇಲ್ಲ."

"ಅದನ್ನ ಕೇಳಾಕತ್ತೇನಿ. ಮನ್ಯಾಗಿನ ಬಂಗಾರ ಎಲ್ಲಾ ಮನ್ಯಾಗ ಐತಿ. ಹಂಗಾದ್ರ ನೀವು ಕಳಕೊಂಡದ್ದು ಯಾರ ಬಂಗಾರ? ಯಾರಿಗೆ ಕೊಡಾಕ ಒಯ್ದಿದ್ರಿ?"

ಶಿವಲಿಂಗ ಲಾರಿಗಳಿಗೆ ಬೆನ್ನು ತಿರುಗಿಸಿದ. "ಬಂಗಾರ ಕಳದಿಲ್ಲ ಸುವರ್ಣಾ. ಒಬ್ಬಾಕಿ ನನಗ ಬಂಗಾರ ಅಂದ್ಳು, ಅಷ್ಟ."

ಅತ್ತ ಕಡೆ ಕಪಾಟಿನ ಬಾಗಿಲು ದಡಕ್ಕನೆ ಮುಚ್ಚಿದ ಸದ್ದಾಯಿತು.

"ಒಬ್ಬಾಕಿ," ಎಂದಳು ಸುವರ್ಣಾ. "ಮುಂಜಾನೆ ನನ್ನ ಉಪ್ಪಿಟ್ಟು ಬ್ಯಾಡಾತು. ನಾಕ ಗಂಟೇಕ ಬಸ್ಸೈತಿ. ನಾನ ಬರ್ತೇನಿ. ನಮಗ ಹೆಂಗಸರಿಗೆ ಈಗ ಟಿಕೆಟ್ ಇಲ್ಲ, ಪುಕ್ಕಟ."

ಫೋನು ಕೆಳಗಿಟ್ಟು ತಿರುಗಿದರೆ ಎದುರಿಗೆ ಕಾನ್‌ಸ್ಟೇಬಲ್ ವೀರೇಶ ನಿಂತಿದ್ದ. ಕೈಯಲ್ಲಿ ನೋಟುಬುಕ್ಕು.

"ಕಳವಿನ ಸುದ್ದಿ ಬಂದೈತಿ. ಹೇಳ್ರಿ, ಸರ ಏನು ಬಳಿ?"

"ಸರಾನೂ ಅಲ್ರಿ, ಬಳೀನೂ ಅಲ್ಲ. ಮಾತು."

ವೀರೇಶ 'ಮಾತು' ಎಂದು ಬರೆದುಕೊಂಡು, ನಂತರ ಪೆನ್ನು ನಿಲ್ಲಿಸಿದ. "ಬಾಯಿ ಮಾತಿನ ಬಂಗಾರಕ್ಕ ನಾ ಪಂಚನಾಮೆ ಹೆಂಗ ಮಾಡ್ಲಿ?" ಕಂಟ್ರೋಲರ್ ಹತ್ತಿರವಿದ್ದ ತಕರಾರಿನ ಫೋಟೋ ಅವನ ಮೊಬೈಲಿನಲ್ಲಿತ್ತು. "ಇಲ್ಲಿ ನೀವ ಬರದೀರಿ, ನನ್ನ ಬಂಗಾರದ ವಿಷಯವಾಗಿ ಅಂತ. ಬಂಗಾರ ಇತ್ತು ಅಂತಾತು. ಈಗ ಇಲ್ಲ ಅಂತೀರಿ. ಅಂದ್ರ ಹೋತು ಅಂತಾತು. ಸಂಜೀಕ ಬಸ್‌ಸ್ಟ್ಯಾಂಡಿಗೆ ಬರ್ರಿ. ಹೋಗಿಲ್ಲ ಅಂತ ಬರದು ಕೊಡ್ರಿ, ನಾ ಸ್ಟೇಶನ್ನಿಗೆ ಉತ್ತರ ಹೇಳಬೇಕು."

ಸಂಜೆ ಆರಕ್ಕೆ ಶಿವಲಿಂಗ ಬಸ್‌ಸ್ಟ್ಯಾಂಡ್ ಮುಟ್ಟಿದಾಗ ಹಳಿಯಾಳದ ಬಸ್ಸು ನಿಂತಿತ್ತು, ಆದರೆ ಬಸ್ಸಿನೊಳಗೆ ಸೂತಕದ ಮನೆಯ ಶಾಂತಿ ಇತ್ತು. ಫ್ಲೇವಿಯಾ ಬಾಗಿಲಲ್ಲಿ ನೆಟ್ಟಗೆ ನಿಂತು, ಯಾರ ಮುಖವನ್ನೂ ನೋಡದೆ, ಶಾಲೆಯ ಮಕ್ಕಳು ಪ್ರತಿಜ್ಞೆ ಹೇಳುವಂತೆ ಹೇಳುತ್ತಿದ್ದಳು: "ಮಾನ್ಯ ಪ್ರಯಾಣಿಕರೇ, ದಯವಿಟ್ಟು ಒಳಗೆ ಹೋಗಿರಿ. ಮಾನ್ಯ ಪ್ರಯಾಣಿಕರೇ, ದಯವಿಟ್ಟು ಗುರುತಿನ ಚೀಟಿ ತೋರಿಸಿರಿ." ಅವಳ ಕಣ್ಣುಗಳು ಕೆಂಪಗಾಗಿದ್ದವು. ತಕರಾರು ಕೊಟ್ಟವನು ಯಾರೆಂಬುದನ್ನು ಲಗಮಪ್ಪ ಅವಳಿಗೆ ಹೇಳಿರಲಿಲ್ಲ. ತಕರಾರು ಬಂದೈತಿ, ಯಾರಿಗೂ ಬಂಗಾರ ಅನ್ನಬ್ಯಾಡ, ಸಂಜೀಕ ವಿಚಾರಣೆ ಐತಿ ಎಂದಷ್ಟೇ ಹೇಳಿದ್ದ.

ಮೂಲೆಯ ಸೀಟಿನಲ್ಲಿ ಸಕ್ಕುಬಾಯಿ ಖಾಲಿ ಗಡಿಗೆ ತೊಡೆಯ ಮೇಲಿಟ್ಟುಕೊಂಡು ಮೂಗೊರೆಸುತ್ತಿದ್ದಳು. "ನನಗ ಮಾನ್ಯ ಅಂದ್ಳಲ್ಲವ್ವಾ! ನಾ ಏನ ಪಾಪ ಮಾಡೇನಿ? ಮನ್ಯಾಗ ಸೊಸಿ ಮುದಕಿ ಅಂತಾಳ. ಮಗ ಏನೂ ಅನ್ನೂದ ಇಲ್ಲ. ದಿನಕ್ಕ ಎರಡು ಸಲ ನನಗ ಬಂಗಾರ ಅನ್ನಾಕಿ ಈ ಭೂಮಿ ಮ್ಯಾಲ ಇಕಿ ಒಬ್ಬಾಕಿ. ಯಾವ ಮೂಳ ತಕರಾರು ಕೊಟ್ಟಾನ?"

ಸಲ್ಮಾನ ಅದೇ ಬಸ್ಸಿನಲ್ಲಿ ಆಲೂರಿಗೆ ಹೋಗುವವನು. ಅವನು ಬೆರಳು ಮಾತ್ರ ಎತ್ತಿ ಕಿಟಕಿಯಾಚೆ ನಿಂತ ಶಿವಲಿಂಗನ ಕಡೆ ತೋರಿಸಿದ.

ಬಸ್ಸಿಗೆ ಬಸ್ಸೇ ಕೆಳಗಿಳಿಯಿತು. ಫ್ಲೇವಿಯಾ ಮಾತ್ರ ಹಿಂದಿನ ಸೀಟಿಗೆ ಹೋಗಿ ಲೆಕ್ಕದ ಹಾಳೆಯ ಮೇಲೆ ತಲೆ ಬಗ್ಗಿಸಿ ಕೂತಳು. ಸಕ್ಕುಬಾಯಿ ಗಡಿಗೆಯನ್ನು ಎದೆಗವಚಿಕೊಂಡು ಎಲ್ಲರಿಗಿಂತ ಮುಂದೆ ಬಂದಳು. "ತಮ್ಮಾ, ಬಂಗಾರ ಅಂದ್ರ ನಿನ್ನ ಮೈ ಸವೀತೈತೇನು? ನಿನಗ ಬ್ಯಾಡಾದ್ರ ಕಿವ್ಯಾಗ ಹತ್ತಿ ಇಟ್ಕೊ. ನಮ್ಮದ್ಯಾಕ ಕಸಗೊಂಡಿ?" ಹಿಂದಿನಿಂದ ಕಾಲೇಜಿನ ಹುಡುಗರು "ತಕರಾರು ವಾಪಸ್ಸು! ತಕರಾರು ವಾಪಸ್ಸು!" ಎಂದು ಕೂಗಿದರು. ಡ್ರೈವರು ಎಂಜಿನ್ ಬಂದ್ ಮಾಡಿ, ವಾಪಸ್ಸು ಆಗುವ ತನಕ ಗಾಡಿ ಬಿಡುವುದಿಲ್ಲವೆಂದು ಬೀಡಿ ಹಚ್ಚಿದ. ಅಷ್ಟರಲ್ಲಿ ನಾಲ್ಕರ ಬಸ್ಸಿಗೆ ಬಂದು ಕಾಯುತ್ತಿದ್ದ ಸುವರ್ಣಾ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೇರೆ ದಿಕ್ಕಿನಿಂದ ಬಂದಳು.

"ಯಾರು ಆ ಒಬ್ಬಾಕಿ?"

ಎಲ್ಲರೂ ಕೂಡಿ ಶಿವಲಿಂಗನನ್ನು ಕ್ಯಾಬಿನ್ನಿನೊಳಗೆ ಹೊಗಿಸಿದರು. ಒಳಗೆ ಲಗಮಪ್ಪ ಮತ್ತು ವೀರೇಶ ಕಾಗದ ಸಿದ್ಧಮಾಡಿಕೊಂಡು ಕೂತಿದ್ದರು. ಕಿಟಕಿಯ ಸರಳುಗಳ ತುಂಬ ಮುಖಗಳು.

"ವಾಪಸ್ ತಗೊಳ್ರಿ," ಎಂದ ಲಗಮಪ್ಪ. "ಆರೂ ಹದಿನೈದು ಆತು. ಗಾಡಿ ಹೊರಡದಿದ್ರ ನನ್ನ ಪೆನ್ಶನ್ನಿಗೆ ಕಲ್ಲು ಬೀಳ್ತೈತಿ."

ಶಿವಲಿಂಗ ಹೆಂಡತಿಯ ಮುಖ ನೋಡಿದ, ಪೊಲೀಸನ ಮುಖ ನೋಡಿದ, ಗಡಿಗೆ ನೋಡಿದ. ಬೆಳಿಗ್ಗೆಯಿಂದ ಹೊಟ್ಟೆಗೆ ಬಿದ್ದದ್ದು ಎರಡು ಗ್ಲಾಸು ಚಹಾ. ತತ್ವವೇನೋ ದೊಡ್ಡದು, ಆದರೆ ಇಪ್ಪತ್ತೈದು ಕಿಲೋಮೀಟರು ಕಾಡಿನ ದಾರಿಯನ್ನು ತತ್ವದ ಮೇಲೆ ಕೂತು ಹೋಗಲಾಗುವುದಿಲ್ಲ. "ಹೇಳ್ರಿ, ಬರೀತೇನಿ," ಎಂದ.

ಲಗಮಪ್ಪ ಒಂದು ಸಾಲು ಹೇಳಿದ, ವೀರೇಶ ಒಂದು ಸಾಲು ಹೇಳಿದ. ಬರೆದು ಮುಗಿದಾಗ ಕಾಗದ ಹೀಗಿತ್ತು: 'ನನ್ನ ಬಂಗಾರ ಎಲ್ಲಿಯೂ ಹೋಗಿರುವುದಿಲ್ಲ. ಇನ್ನು ಮುಂದೆ ನನ್ನನ್ನು ಬಂಗಾರ ಎಂದು ಕರೆಯಲು ನನ್ನದು ಯಾವುದೇ ಅಭ್ಯಂತರ ಇರುವುದಿಲ್ಲ. ಇದನ್ನು ಸ್ವಖುಷಿಯಿಂದ ಬರೆದುಕೊಟ್ಟಿರುತ್ತೇನೆ.' ಕೆಳಗೆ ರುಜು, ಪೂರ್ಣ ಹೆಸರು, ಹುದ್ದೆ. ಸಲ್ಮಾನ ಕಿಟಕಿಯಿಂದ ಮೊಬೈಲು ತೂರಿಸಿ ಫೋಟೋ ಹೊಡೆದುಕೊಂಡ. ಮಿಲ್ಲಿನ ವಾಟ್ಸಪ್ ಗ್ರೂಪಿನಲ್ಲಿ ನಾನೂರು ಜನ.

ಆಗ ಫ್ಲೇವಿಯಾಳನ್ನು ಒಳಗೆ ಕರೆದರು. ಲಗಮಪ್ಪ ಕಾಗದವನ್ನು ಓದಿ ಹೇಳಿದ. ಅವಳು ಬಾಯಿ ತೆರೆದುಕೊಂಡು ಕೇಳಿದಳು.

"ಇವ್ರಾ?" ಎಂದಳು. "ಇವ್ರು ತಕರಾರು ಕೊಟ್ಟದ್ದಾ? ನಾ ಇವರಿಗೆ ಯಾವಾಗ ಬಂಗಾರ ಅಂದೆ?"

"ಸುಳ್ಳು ಹೇಳಬ್ಯಾಡ," ಎಂದ ಶಿವಲಿಂಗ. ಬರೆದುಕೊಟ್ಟ ಮೇಲೆ ಸತ್ಯವಾದರೂ ತನ್ನ ಪಾಲಿಗೆ ಉಳಿಯಲಿ ಎಂಬ ಆಸೆ. "ಇಂದ ಮುಂಜಾನೆ. ಆಲೂರು ದಾಟಿದ ಮ್ಯಾಲ. ನನ್ನ ಬಾಜೂಕ ನಿಂತು, ಯಾಕ ಬಂಗಾರ, ಮಾರಿ ಸಪ್ಪಗ ಮಾಡ್ಕೊಂಡು ಕುಂತಿ, ಹೊಟ್ಟಿಗೆ ಏನೂ ಹಾಕಿಲ್ಲೇನು ನಿನಗ ಅಂದಿಲ್ಲ?"

ಫ್ಲೇವಿಯಾ ಹಣೆ ಸುಕ್ಕುಮಾಡಿ ನೆನಪು ಮಾಡಿಕೊಂಡಳು. ನಂತರ ಅವಳ ಮುಖ ನಿಧಾನವಾಗಿ ಅರಳಿತು. ಹೆಗಲಲ್ಲಿ ತೂಗುತ್ತಿದ್ದ ಟಿಕೆಟ್ ಮಶೀನನ್ನು ಎತ್ತಿ ಮೇಜಿನ ಮೇಲಿಟ್ಟಳು.

"ಅಯ್ಯ ನನ್ನ ಸಾಯಬಾ! ಅದು ಇದಕ್ಕಂದದ್ರಿ. ರಾತ್ರಿ ಡಿಪೋದಾಗ ಇದನ್ನ ಚಾರ್ಜಿಗೆ ಹಚ್ಚೇ ಇಲ್ಲ. ಆಲೂರಿನಾಗ ದೀಪಾ ಮಂದ ಆತು, ಇನ್ನೇನ ಸಾಯ್ತೈತಿ ಅಂತ ರಮಿಸಿದೆ. ನಿಮಗ ಏಕವಚನದಾಗ ಮಾತಾಡ್ತೇನೇನ್ರಿ ನಾನು?"

ಎಲ್ಲರೂ ಬಗ್ಗಿ ಮಶೀನನ್ನು ನೋಡಿದರು. ಆಮೇಲೆ ಕಿಟಕಿಯ ಸರಳುಗಳೇ ನಕ್ಕವು. ಲಗಮಪ್ಪ ನಕ್ಕ, ವೀರೇಶ ನೋಟುಬುಕ್ಕಿನಿಂದ ಮುಖ ಮುಚ್ಚಿಕೊಂಡು ನಕ್ಕ, ಸಕ್ಕುಬಾಯಿ ಗಡಿಗೆ ಕೆಳಗಿಟ್ಟು ನಕ್ಕಳು. ಸುವರ್ಣಾ ಮಾತ್ರ ನಗಲಿಲ್ಲ. ಅವಳಿಗೆ ಇನ್ನೊಂದು ಪ್ರಶ್ನೆ ಉಳಿದಿತ್ತು.

"ಹಂಗಾದ್ರ ಇವರಿಗೆ ಏನಂತ ಕರೀತಿ ತಂಗಿ?"

"ಇವರಿಗಾ?" ಫ್ಲೇವಿಯಾ ಸಂಕೋಚದಿಂದ ಸೆರಗಿನ ತುದಿ ತಿರುವಿದಳು. "ಏನೂ ಕರ್ಯೂದಿಲ್ರಿ ಅಕ್ಕಾರ. ನಾಕ ವರ್ಷ ಆತು, ದಿನಾ ನೋಡ್ತೇನಿ. ಎಲ್ಲಾರಿಗೂ ಬರ್ತೈತಿ, ಕುಡದವರಿಗೂ ಬರ್ತೈತಿ. ಇವರ ಮುಂದ ಬಂದ್ರ ಮಾತ್ರ ಆ ಮಾತು ಗಂಟಲದಾಗ ನಿಂತು ಬಿಡ್ತೈತಿ. ನಾನೂ ಒಂದೆರಡು ಸಲ ಪ್ರಯತ್ನ ಮಾಡಿ ನೋಡೇನ್ರಿ, ಖರೇ. ಹೊರಡೂದಿಲ್ಲ."

"ನನಗೂ," ಎಂದಳು ಸುವರ್ಣಾ. ಆಮೇಲೆ ಅವಳೂ ನಕ್ಕಳು. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕಳು.

ಆರೂವರೆಗೆ ಬಸ್ಸು ಹೊರಟಿತು. ಒಳಗೆ ಹಬ್ಬ ಬಂದಂತಿತ್ತು. ಒಂದು ದಿನದ ಬಾಕಿಯನ್ನೆಲ್ಲ ಒಮ್ಮೆಲೇ ತೀರಿಸುವವಳಂತೆ ಫ್ಲೇವಿಯಾ ಮುಂದಿನಿಂದ ಹಿಂದಿನ ತನಕ ಬಂಗಾರ ಚೆಲ್ಲಿಕೊಂಡು ಬಂದಳು. "ಸರಿ ಬಂಗಾರ! ಹಿಡ್ಕೊ ಬಂಗಾರ! ಆಯಿ, ನನ್ನ ಬಂಗಾರ, ಗಡಿಗಿ ಹುಷಾರು!" ಸಕ್ಕುಬಾಯಿ ಬಾಯಲ್ಲಿ ಉಳಿದಿದ್ದ ನಾಲ್ಕೂ ಹಲ್ಲು ತೋರಿಸಿದಳು. ಸುವರ್ಣಾಳಿಗೆ "ಅಕ್ಕಾರ, ಬಂಗಾರದಂಥಾಕಿ, ನೀವು ಕಿಟಕಿ ಕಡೆ ಕುಂದರ್ರಿ" ಎಂದು ಶಿವಲಿಂಗನ ನಾಲ್ಕು ವರ್ಷದ ಕಿಟಕಿಯನ್ನೇ ಕೊಟ್ಟಳು. ಸುವರ್ಣಾ ಬಳೆ ಸರಿಮಾಡಿಕೊಂಡು ಕೂತು, "ಎಷ್ಟು ಚೊಲೊ ಮಾತಾಡ್ತಾಳ್ರಿ ಪಾಪ. ಇಂಥಾಕಿ ಮ್ಯಾಲ ತಕರಾರು ಕೊಟ್ಟೀರಲ್ಲ," ಎಂದಳು.

ಹಿಂದಿನ ಸೀಟಿನಿಂದ ಕಾಲೇಜಿನ ಹುಡುಗರು "ಬಂಗಾರ ಅಂಕಲ್, ಅಭ್ಯಂತರ ಇಲ್ಲಲ್ರಿ?" ಎಂದು ಕೇಳುತ್ತಲೇ ಇದ್ದರು. ಕಾನೂನು ಪ್ರಕಾರ ಅಭ್ಯಂತರ ಇರಲಿಲ್ಲ. ರುಜು ಹಾಕಿಕೊಟ್ಟಾಗಿತ್ತು.

ಕೊನೆಗೆ ಫ್ಲೇವಿಯಾ ಅವನ ಹತ್ತಿರ ಬಂದಳು. ಶಿವಲಿಂಗ ಚಿಲ್ಲರೆ ಮುಂದೆ ಹಿಡಿದ. ಯಾಕೋ ಕಿಟಕಿಯ ಕಡೆ ತಿರುಗಲಿಲ್ಲ. ಮುಖವನ್ನು ಕೂಡ, ತನಗೆ ತಿಳಿದ ಮಟ್ಟಿಗೆ, ಸ್ವಲ್ಪ ಸಡಿಲ ಬಿಟ್ಟುಕೊಂಡು ಕಾದ. ಫ್ಲೇವಿಯಾ ಅವನನ್ನು ನೋಡಿದಳು. ಬಾಯಿ ತೆರೆದಳು. ಎರಡು ಸಲ ಗಂಟಲು ಸರಿಮಾಡಿಕೊಂಡಳು.

"ಹಳಿಯಾಳ ಒಂದು. ತಗೊಳ್ರಿ," ಎಂದು ಟಿಕೆಟ್ ಹರಿದುಕೊಟ್ಟು ಮುಂದೆ ಹೋದಳು.

ಶಿವಲಿಂಗ ಟಿಕೆಟ್ ಮಡಿಸಿ ಜೇಬಿಗೆ ಹಾಕಿದ. ಬಸ್ಸು ಕಾಡಿನೊಳಗೆ ಹೊಕ್ಕಿತು. ಅಷ್ಟರಲ್ಲಿ ಅವನ ಜೇಬಿನ ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು. ಕಿವಿಗಿಟ್ಟುಕೊಂಡರೆ ಒಂದು ಹೆಣ್ಣುದನಿ, ಜೇನಿನಲ್ಲಿ ಅದ್ದಿ ತೆಗೆದಂಥದ್ದು, ಹೇಳಿತು: "ಪ್ರಿಯ ಗ್ರಾಹಕರೇ, ನಮಸ್ಕಾರ! ನಿಮ್ಮ ರಿಚಾರ್ಜ್ ಅವಧಿ ಇನ್ನು ಎರಡು ದಿನಗಳಲ್ಲಿ ಮುಗಿಯಲಿದೆ..."

ಬೇರೆ ದಿನವಾಗಿದ್ದರೆ 'ಪ್ರಿ' ಎನ್ನುವಷ್ಟರಲ್ಲಿ ಕತ್ತರಿಸಿ ಎಸೆಯುತ್ತಿದ್ದ. ಇವತ್ತು ಅವನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ. ದನಿ ಎಲ್ಲ ಯೋಜನೆಗಳನ್ನೂ ಹೇಳಿತು. ಮತ್ತೊಮ್ಮೆ ಕೇಳಲು ಒಂದನ್ನು ಒತ್ತಿ ಎಂದಿತು. ಶಿವಲಿಂಗ ಹೆಂಡತಿಗೆ ಕಾಣದಂತೆ ಮೈ ತಿರುಗಿಸಿ, ಒಂದನ್ನು ಒತ್ತಿದ.

"ಯಾರ್ರಿ ಅದು?" ಎಂದಳು ಸುವರ್ಣಾ ತಟ್ಟನೆ.

"ಕಂಪನಿಯವರು."

"ಕಂಪನಿಯವರು ಹೆಂಗಸರ ದನಿಯೊಳಗ ಮಾತಾಡ್ತಾರೇನು? ಕೊಡ್ರಿಲ್ಲಿ."

ಅವಳು ಫೋನು ಕಸಿದು ತನ್ನ ಕಿವಿಗಿಟ್ಟುಕೊಂಡಳು. ಸರಿಯಾಗಿ ಅದೇ ಹೊತ್ತಿಗೆ ದನಿ ಮತ್ತೆ ಮೊದಲಿನಿಂದ ಸುರುವಾಗಿತ್ತು. "ಪ್ರಿಯ..." ಎನ್ನುತ್ತಿದ್ದಂತೆ ಬಸ್ಸು ತಿರುವಿಗೆ ಹೊರಳಿ, ನೆಟ್‌ವರ್ಕು ಸತ್ತು, ಮಾತು ಅಲ್ಲಿಗೇ ಕಡಿಯಿತು.

ಸುವರ್ಣಾ ಫೋನನ್ನು ತೊಡೆಯ ಮೇಲಿಟ್ಟುಕೊಂಡಳು. ಹಳಿಯಾಳ ಬರುವ ತನಕ, ನೆಟ್‌ವರ್ಕು ಬಂದಾಗಲೆಲ್ಲ, ಆ ನಂಬರಿಗೆ ತಿರುಗಿ ಹಚ್ಚಿ ನೋಡಿದಳು.